ಹನ್ನೆರಡರಣ್ಣನ ಮನೆಯ ಕಿಟಕಿ

ಬಡಗಿ ಮೌನೇಶಾಚಾರಿಯ ಡ್ರಿಲ್ ಬಿಟ್‌ಗಳೆಲ್ಲ ಒಂದೇ ಡಬ್ಬಿಯಲ್ಲಿ ಬಿದ್ದು, ಒಂದಕ್ಕೊಂದು ಉಜ್ಜಿ ಮೊಂಡಾಗುತ್ತಿದ್ದವು. ಕೊನೆಗೆ ಆಚಾರಿ ಅಂಗೈಯಗಲದ ಸಾಗುವಾನಿ ತುಂಡೊಂದನ್ನು ಆರಿಸಿ, ಅದರಲ್ಲಿ ಆ ಅಣ್ಣತಮ್ಮಂದಿರಲ್ಲಿ ಪ್ರತಿಯೊಬ್ಬನಿಗೂ ಮನೆಯಾಗಿ ಒಂದೊಂದು ಕುಳಿ ಕೊರೆಯತೊಡಗಿದ. ತಮ್ಮನ ಕುಳಿಯನ್ನು ಅವನಿಗಿಂತ ಒಂದಳತೆ ದಪ್ಪಗಿರುವ ಅಣ್ಣನೇ ಕೊರೆಯಬೇಕು. ಆಗಲೇ ತಮ್ಮ ಸಲೀಸಾಗಿ ಹೋಗಿಬರುತ್ತಾನೆ. ಅದು ಆಚಾರಿಯ ಪದ್ಧತಿ.

ಎಲ್ಲರಿಗಿಂತ ದೊಡ್ಡವನಾದ ಹನ್ನೆರಡು ಎಂಎಂ ಬಿಟ್‌ಗೆ ಅಣ್ಣನೇ ಇರಲಿಲ್ಲ. "ನನ್ನ ಮನೆ ಕೊರೆಯುವ ಗಂಡು ಇನ್ನೂ ಹುಟ್ಟಿಲ್ಲ. ನಾನೇ ಕೊರೆದುಕೊಳ್ಳುತ್ತೇನೆ," ಎಂದು ಅವನು ಎದೆಯುಬ್ಬಿಸಿದ.

"ಅಣ್ಣಾ, ಬಿಗಿಯಾದೀತು," ಎಂದ ಎಲ್ಲರಿಗಿಂತ ಸಣ್ಣವನಾದ ಎರಡು ಎಂಎಂ ಬಿಟ್.

"ನೂಲೆಳೆಯಂಥವನು ನೀನು, ನನಗೆ ಬುದ್ಧಿ ಹೇಳುತ್ತೀಯಾ?"

ಹನ್ನೆರಡರವನು ಗರಗರನೆ ಕೊರೆದು ಒಳಗೆ ಕೂತ. ಕೂತವನು ಏಳಲಿಲ್ಲ. ಆಚಾರಿ ಕೈಯಲ್ಲಿ ಎಳೆದ, ಇಕ್ಕಳ ಹಾಕಿ ತಿರುಗಿಸಿದ, ಅವನು ಜಗ್ಗಲಿಲ್ಲ. "ಇನ್ನು ಮರವನ್ನೇ ಸೀಳಬೇಕೇನೋ," ಎಂದು ಆಚಾರಿ ಉಳಿ ಎತ್ತಿಕೊಂಡಾಗ ಎಲ್ಲರ ಮನೆಗಳೂ ನಡುಗಿದವು.

"ಆಚಾರ್ರೇ, ತಳದಿಂದ ನನ್ನಿಂದ ಕೊರೆಸಿ ನೋಡಿ," ಎಂದ ಎರಡರವನು.

ತಳದಲ್ಲಿ ಸಣ್ಣ ತೂತು ಬಿತ್ತು. ಅದಕ್ಕೆ ಮೊಳೆಯಿಟ್ಟು ಆಚಾರಿ ಮೆಲ್ಲಗೆ ಬಡಿದದ್ದೇ ತಡ, ಹನ್ನೆರಡರವನು ಹೊರಬಂದ. ಆಮೇಲೆ ಆಚಾರಿ ಅವನ ಕುಳಿಯನ್ನು ತೀಡಿ ಸಡಿಲಿಸಿ, ಆ ಸಾಗುವಾನಿ ತುಂಡಿಗೆ ಮುಚ್ಚಳ ಹೊಂದಿಸಿ, ಗೋಡೆಗೆ ನೇತುಹಾಕಿದ.

ಈಗ ಮುಚ್ಚಳ ಹಾಕಿದರೂ ಹನ್ನೆರಡರವನ ಮನೆಗೆ ಮಾತ್ರ ಆ ತೂತಿನಿಂದ ಬೆಳಕು ಬರುತ್ತದೆ. "ಇಷ್ಟು ಮನೆಗಳಲ್ಲಿ ಕಿಟಕಿ ಇರುವುದು ನನ್ನದೊಂದಕ್ಕೇ!" ಎಂದು ಅವನು ಎಲ್ಲರ ಮುಂದೆ ಹೇಳಿಕೊಳ್ಳುತ್ತಾನೆ. ಕಿಟಕಿ ಇಟ್ಟವರು ಯಾರೆಂದು ಕೇಳಿದರೆ ಮಾತ್ರ ಅವನಿಗೆ ತಟ್ಟನೆ ನಿದ್ದೆ ಬಂದುಬಿಡುತ್ತದೆ.