ದರ್ಜಿಯ ಕ್ಯಾಸೆಟ್ಟು

ಶಿಷ್ಯ ಕೇಳಿದ: “ಗುರುಗಳೇ, ಹಳೆಯ ಕ್ಯಾಸೆಟ್ಟೊಂದು ಸಿಕ್ಕಿತು. ಹಾಡಿದವನಿಗೆ ಶ್ರುತಿಯಿಲ್ಲ, ತಾಳವಿಲ್ಲ. ಗೆಳೆಯರೆಲ್ಲ ಸೇರಿ ನಗಲೆಂದೇ ಹಾಕಿಕೊಂಡೆವು. ಈಗ ತಿಂಗಳಾಯಿತು, ಬಿಡಲಾಗುತ್ತಿಲ್ಲ. ಇಷ್ಟು ವರ್ಷ ನಿಮ್ಮ ಬಳಿ ಕಲಿತ ನನ್ನ ಕಿವಿ ಕೆಟ್ಟುಹೋಯಿತೇ?”

ಗುರು ತಂಬೂರಿಯನ್ನು ಗೋಡೆಗೆ ಒರಗಿಸಿ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಮಾತಿನ ಮಲ್ಲ. ಸುಮ್ಮನೆ ಸೀರೆ ನೋಡಿ ಹೋಗೋಣವೆಂದು ಬಂದವರು ಅವನ ಅಂಗಡಿಯಿಂದ ಬರಿಗೈಯಲ್ಲಿ ಹೋದದ್ದೇ ಇಲ್ಲ. ಪಕ್ಕದ ಓಣಿಯಲ್ಲಿ ಒಬ್ಬ ದರ್ಜಿಯಿದ್ದ. ಅವನು ಅಂಗಿ ಹೊಲಿದರೆ ಹೆಂಡತಿ ಕಾಜಾ ಮಾಡಿ ಗುಂಡಿ ಹಚ್ಚುತ್ತಿದ್ದಳು. ಅವಳು ತೀರಿಕೊಂಡ ವರ್ಷ ದರ್ಜಿ ಒಂದು ಹಾಡು ಕಟ್ಟಿದ. ಯಾರು ಬೇಡವೆಂದರೂ ಕೇಳದೆ ಕ್ಯಾಸೆಟ್ಟನ್ನೂ ಮಾಡಿಸಿದ.

ಹೊಲಿಗೆ ಯಂತ್ರ ತುಳಿಯದೆ ಅವನಿಗೆ ಹಾಡಲು ಬರುತ್ತಿರಲಿಲ್ಲ. ಹಾಗಾಗಿ ಯಂತ್ರವನ್ನೇ ಬಂಡಿಯಲ್ಲಿ ಹೇರಿಕೊಂಡು ಸ್ಟುಡಿಯೋಗೆ ಹೋದ. ಅಂಗಿ ಹೊಲಿಯುತ್ತಲೇ ಹಾಡಿದ. ತೋಳು ಹೊಲಿಯುವಾಗ ಸಾಲು ಉದ್ದ, ಕಾಲರಿಗೆ ಬಂದಾಗ ಗಿಡ್ಡ. ಹೊಲಿಗೆ ಮುಗಿದಲ್ಲಿ ಹಾಡೂ ನಿಲ್ಲುತ್ತಿತ್ತು. ದಾರ ಕತ್ತರಿಸಿಕೊಂಡು ಮತ್ತೆ ಶುರು ಮಾಡುತ್ತಿದ್ದ. ಪಾಪ, ತಬಲದವನು ಬಸ್ಸು ತಪ್ಪಿದವನ ಹಾಗೆ ಅವನ ಹಿಂದೆ ಓಡುತ್ತಿದ್ದ. “ನೀ ಹೋದ ಮ್ಯಾಲ ಗುಂಡಿ ಹಚ್ಚಾವರು ಯಾರ” ಎಂಬಲ್ಲಿಗೆ ಬಂದರೆ ಊರಿಗೆ ಊರೇ ಬಿದ್ದು ಬಿದ್ದು ನಗುತ್ತಿತ್ತು.

ವ್ಯಾಪಾರಿ ಅದನ್ನು ಅಂಗಡಿಯಲ್ಲಿ ಹಾಕತೊಡಗಿದ. ಬೆಳಿಗ್ಗೆ ಗಾದಿ ಝಾಡಿಸಿ, ಊದುಬತ್ತಿ ಹಚ್ಚಿದ ಕೂಡಲೇ ಆ ಹಾಡು. ಗಿರಾಕಿಗಳು ನಗುತ್ತಿದ್ದರು, ಅವನೂ ನಗುತ್ತಿದ್ದ. ಗಿರಾಕಿಗಳೇ ಇಲ್ಲದ ಮಧ್ಯಾಹ್ನಗಳಲ್ಲೂ ಹಾಕಿಕೊಳ್ಳುತ್ತಿದ್ದ. ದರ್ಜಿ ಬರುವುದು ಕಂಡರೆ ಮಾತ್ರ ಟೇಪು ನಿಲ್ಲಿಸುತ್ತಿದ್ದ. ಹೀಗೆ ಎಂಟು ವರ್ಷ ನಡೆಯಿತು.

ಒಂದು ದಿನ ದರ್ಜಿ ಬಂದದ್ದು ಅವನಿಗೆ ಕಾಣಲಿಲ್ಲ. ಕಂಡಾಗ ಗಾಬರಿಯಿಂದ ಟೇಪಿನತ್ತ ಕೈ ಚಾಚಿದ.

“ಇರಲಿ ಬಿಡ್ರಿ, ಪೂರ್ತಿ ಆಗಲಿ” ಎಂದ ದರ್ಜಿ. ನಿಂತೇ ಕೇಳಿದ. ಹಾಡು ಮುಗಿದ ಮೇಲೆ, “ಸಾಹುಕಾರ್ರ, ಖರೇ ಹೇಳ್ರಿ. ಮಂದಿ ನಗಲಿ ಅಂತ ಹಚ್ತೀರೇನು?” ಎಂದು ಕೇಳಿದ.

“ಇಲ್ಲಪಾ. ನನಗ ಭಾಳ ಸೇರತೈತಿ, ಅದಕ್ಕ ಹಚ್ಚೀನಿ” ಎಂದ ವ್ಯಾಪಾರಿ.

ದರ್ಜಿಯ ಮುಖ ಅರಳಿತು. ಅಸ್ತರಿನ ಬಟ್ಟೆಗೆಂದು ಬಂದವನು ಅದನ್ನು ಮರೆತೇ ಹೊರಟುಹೋದ. ವ್ಯಾಪಾರಿ ಮಾತ್ರ, ಹೆಂಡತಿ ಸತ್ತವನ ಅಳುವನ್ನು ನಗೆಪಾಟಲು ಮಾಡಿದ್ದಲ್ಲದೆ ಅವನ ಮುಖದೆದುರೇ ಸುಳ್ಳು ಹೇಳಿದೆನಲ್ಲ ಎಂದು ನೊಂದುಕೊಂಡ. ಮತ್ತೆ ಆ ಕ್ಯಾಸೆಟ್ಟು ಹಾಕಲಿಲ್ಲ. ಮರುವರ್ಷ ದರ್ಜಿ ಅಣ್ಣನ ಊರಿಗೆ ಹೋದ. ಅಲ್ಲೇ ತೀರಿಕೊಂಡನೆಂದು ಸುದ್ದಿ ಬಂತು.

ಕಾಲ ಸರಿಯಿತು. ಅಂಗಡಿ ಹೋಯಿತು, ಟೇಪೂ ಹೋಯಿತು. ವ್ಯಾಪಾರಿ ಮುದುಕನಾದ. ದೊಡ್ಡ ದೊಡ್ಡ ಗಾಯಕರ ಹಾಡುಗಳೆಲ್ಲ ಎರಡೆರಡು ಸಾಲಿಗೆ ನಿಂತುಹೋಗುತ್ತಿದ್ದವು. ಈ ಹಾಡು ಮಾತ್ರ ಇಡಿಯಾಗಿ ನೆನಪಿಗೆ ಬರುತ್ತಿತ್ತು, ಯಂತ್ರದ ಸದ್ದಿನ ಸಮೇತ. ಅದರ ಜೊತೆಗೇ ಹೊಸ ಬಟ್ಟೆಯ ವಾಸನೆ, ಗಿರಾಕಿಗಳ ಗಲಾಟೆ, ಆರಿಹೋದ ಚಹಾ ಎಲ್ಲ ಬರುತ್ತಿದ್ದವು. ಒಮ್ಮೆ ತಾಳ ಸರಿಮಾಡಿಕೊಂಡು ಹಾಡಿ ನೋಡಿದ. ಅದು ಬೇರೆ ಯಾರದೋ ಹಾಡಾಯಿತು. ದರ್ಜಿ ನಿಂತಲ್ಲೇ ನಿಂತು, ಅವನು ಓಡಿದಲ್ಲೇ ಓಡಿ ಹಾಡಿದ. ಎಂಥ ದಿನಗಳು ಅವು ಎಂದು ಅಳು ಬಂತು. ಆದರೆ ಹಾಡು ಮುಗಿದ ಕೂಡಲೇ ಆ ಹಳೆಯ ಮಾತು ನೆನಪಾಗಿ ಚುಚ್ಚುತ್ತಿತ್ತು. “ಆವತ್ತು ಅವನ ಮುಂದ ಸುಳ್ಳು ಹೇಳಿದೆ” ಎಂದು ಕಂಡವರೆದುರೆಲ್ಲ ಹೇಳಿಕೊಳ್ಳುತ್ತಲೇ ಕಣ್ಣು ಮುಚ್ಚಿದ.

ಗುರು ಮಾತು ನಿಲ್ಲಿಸಿದರು.

“ಪಾಪ, ಆ ಒಂದು ಸುಳ್ಳು ಅವನನ್ನು ಕೊನೆಯವರೆಗೂ ಬಿಡಲಿಲ್ಲವಲ್ಲ” ಎಂದ ಶಿಷ್ಯ.

ಗುರು ಹೇಳಿದರು: “ನಗಲಿಕ್ಕೇ ಆಗಿದ್ದರೆ ಒಂದು ಸಲ ಕೇಳಿದರೆ ಸಾಕಿತ್ತು, ಅವನು ಸುಳ್ಳು ಹೇಳಿದ್ದೆಲ್ಲಿ?”