ಸಿಂಪಿಗರ ಮಾನಪ್ಪನ ‘ಆತು’

ಚೆಲ್ಲಾಪಿಲ್ಲಿಯಾದ ಮನಸ್ಸನ್ನು ಒಂದು ಕಡೆ ನಿಲ್ಲಿಸುವ ಶಿವನಿಗೆ ಶರಣು. ಅವನ ಹಾದಿ ತೋರಿದ ಗುರುವಿನ ಪಾದಕ್ಕೆ ಶರಣು.

ಶ್ರೀ ಸಂಗಮ್ಮ ತಾಯಿಯವರು ಆಗ ಮಲಪ್ರಭೆಯ ದಂಡೆಯ ಒಂದು ಸಣ್ಣ ಊರಿನಲ್ಲಿ, ಗುಡಿಯ ಪಕ್ಕದ ಮಣ್ಣಿನ ಕೋಣೆಯಲ್ಲಿ ವಾಸವಾಗಿದ್ದರು. ಒಂದು ಕಂಬಳಿ, ಒಂದು ಗಡಿಗೆ, ಒಂದು ಮೊರ, ಅಷ್ಟೇ ಅವರ ಆಸ್ತಿ. ದಾಸೋಹಕ್ಕೆ ಬಂದ ಜೋಳವನ್ನು ಹಸನು ಮಾಡುತ್ತ ಕೂಡುವುದೇ ಅವರ ನಿತ್ಯಪೂಜೆ.

ಒಂದು ಮುಂಜಾನೆ ಸಿಂಪಿಗರ ಮಾನಪ್ಪ ಓಡುತ್ತ ಬಂದ. ಕೊರಳಲ್ಲಿ ಟೇಪು, ಕೈಯಲ್ಲಿ ಒಂದೇ ತೋಳಿನ ಅಂಗಿ; ಅದನ್ನು ಯಾಕೆ ಹಿಡಿದು ಬಂದೆನೆಂದು ಅವನಿಗೇ ತಿಳಿಯದು. ಊರಿಗೆಲ್ಲ ಬಟ್ಟೆ ಹೊಲಿಯುವವನು, ಹೊಲಿಗೆ ಮುತ್ತಿನಂಥದು. ಆದರೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದಕ್ಕೆ ಗುಂಡಿಯ ಕಾಜು ಮಾಡುವಾಗ ಇನ್ನೊಂದು ನೆನಪಾಗುತ್ತಿತ್ತು. ಅದನ್ನು ಹುಡುಕುವಾಗ ಮೂರನೆಯದು ಕೈಗೆ ಬರುತ್ತಿತ್ತು. ಸಂಜೆಗೆ ಮೂರೂ ಅರ್ಧ.

ಅಂದು ಸಾವಂತ್ರವ್ವನ ಮಗಳ ಕುಬಸ. ಏಳು ತಿಂಗಳ ಬಸುರಿಗೆ ತವರಿನವರು ಹಸಿರು ಕುಪ್ಪಸ ತೊಡಿಸಿ ಆರತಿ ಬೆಳಗುವ ಮಂಗಲಕಾರ್ಯ. ಮಗಳ ಬಸುರಿನ ಸುದ್ದಿ ಕೇಳಿ ಸಾವಂತ್ರವ್ವನ ಗಂಡ ತಾನೇ ಗುಳೇದಗುಡ್ಡಕ್ಕೆ ಹೋಗಿ ಕುಪ್ಪಸಕ್ಕೆಂದು ಹಸಿರು ಖಣ ತಂದಿದ್ದ. ತಂದ ಹತ್ತೇ ದಿನಕ್ಕೆ ತೀರಿಕೊಂಡ. ಆ ಖಣವನ್ನು ಸಾವಂತ್ರವ್ವ ಮಾನಪ್ಪನಿಗೆ ಕೊಟ್ಟು ತಿಂಗಳಾಗಿತ್ತು. ಮಧ್ಯಾಹ್ನಕ್ಕೆ ಆರತಿ, ಕುಪ್ಪಸವೇ ಕಾಣದು! ಹೊಲಿದಿಟ್ಟ ಬಟ್ಟೆಗಳ ಟ್ರಂಕನ್ನು ಮಾನಪ್ಪ ಮೂರು ಸಲ ಬುಡಮೇಲು ಮಾಡಿದ್ದ.

“ಹ್ವಾದ ವಾರ ಕೇಳಿದಾಗ ಆತು ಅಂದಿಯಲ್ಲೋ ಮಾನಪ್ಪಾ! ನಿನ್ನ ಹೊಲಿಗಿ ಮುಗಿಯೂತನಕಾ ನನ್ನ ಮಗಳ ಬಸರು ಹಾದಿ ಕಾಯತೈತೇನು?” ಎಂದು ಸಾವಂತ್ರವ್ವ ಅಂಗಡಿಯ ಮುಂದೆ ಕೂಗಿದಾಗ, ಹಿತ್ತಲ ಬಾಗಿಲಿನಿಂದ ಓಡಿಬಂದವನು ಈಗ ತಾಯಿಯವರ ಮುಂದೆ ಕುಸಿದು ಕುಳಿತ.

“ತಾಯೀ, ತಲಿ ಗಿರ್ರ್ ಅಂತೈತ್ರಿ. ಮನಸ್ಸು ನಿಲ್ಲೂವಂಥಾ ಒಂದು ಮಂತ್ರ ಕೊಡ್ರಿ.”

ತಾಯಿಯವರು ಮೊರದಿಂದ ಕಣ್ಣೆತ್ತಲಿಲ್ಲ. “ಸಾವಂತ್ರವ್ವನ ಮಗಳ ಕುಪ್ಪಸ ಆತೇನಪಾ?”

“ಆತ್ರೀ ತಾಯಿ.” ಮಾತು ತಾನಾಗಿ ಬಾಯಿಂದ ಜಾರಿತ್ತು.

“ಆತಾ? ಹಂಗಾರ ಕೊಟ್ಟು ಬಾ.”

ಮಾನಪ್ಪ ಪಿಳಿಪಿಳಿ ಕಣ್ಣು ಬಿಟ್ಟ. “ಇಲ್ರೀ... ಆತು ಅಂದ್ರ... ಅಂದ್ರ ಮಾಡ್ತೀನಿ ಅಂತ...”

ನಮ್ಮ ಕಡೆ ‘ಆತು’ ಎಂದರೆ ‘ಆಗಲಿ’ ಎಂದೂ ಹೌದು, ‘ಮುಗಿಯಿತು’ ಎಂದೂ ಹೌದು. ಮಾನಪ್ಪ ಒಂದರ್ಥದಲ್ಲಿ ಹೇಳುತ್ತಿದ್ದ, ಊರವರು ಇನ್ನೊಂದರಲ್ಲಿ ಕೇಳುತ್ತಿದ್ದರು.

“ಆಗದ್ದಕ್ಕ ಆತು ಅನಬ್ಯಾಡ,” ಎಂದರು ತಾಯಿಯವರು. “ಇದ ನಿನ್ನ ಮಂತ್ರ.”

ಮತ್ತೆ ಜೋಳದಲ್ಲಿ ಮುಳುಗಿದರು. ವಿಭೂತಿ ಇಲ್ಲ, ಪ್ರಸಾದ ಇಲ್ಲ. ಜಪಿಸಲು ಮಂತ್ರ ಕೇಳಿದರೆ ಅನ್ನಬಾರದ ಮಾತನ್ನು ಕೊಟ್ಟರಲ್ಲ! ತಾನು ಕೇಳಿದ್ದೇ ತಪ್ಪೋ, ಅವರಿಗೆ ಕೇಳಿಸಿದ್ದೇ ಬೇರೆಯೋ? ಏನೊಂದೂ ಬಗೆಹರಿಯದೆ ಮಾನಪ್ಪ ಎದ್ದು ನಡೆದ.

ಹಾದಿಯಲ್ಲಿ ಹೂಗಾರ ಬಸಲಿಂಗ ಸಿಕ್ಕ. “ಏನೋ ಟೇಲರ್, ನನ್ನ ಅಂಗಿ?”

“ಆ...” ಎಂದವನು ಬಾಯಿ ಮುಚ್ಚಿದ. ಬೆವರಿದ. “ಇಲ್ಲ. ಆಗಿಲ್ಲ. ಇನ್ನೊಂದು ತೋಳು ಹಚ್ಚೂದೈತಿ.”

ಬಸಲಿಂಗ ಅವನ ಹಣೆ ಮುಟ್ಟಿ ನೋಡಿದ. “ಜ್ವರಾ ಗಿರಾ ಬಂದಾವೇನು?”

ಅಂಗಡಿಯ ಮುಂದೆ ಸಾವಂತ್ರವ್ವ ಕಟ್ಟೆಯ ಮೇಲೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾನಪ್ಪ ಅವಳೆದುರು ನಿಂತು, “ಅಕ್ಕಾ, ಕುಪ್ಪಸ ಆಗಿಲ್ಲ,” ಎಂದ.

ಅಂದದ್ದೇ ತಡ, ತಲೆಯೊಳಗೆ ಏನೋ ಹೊರಳಿತು. ಆಗಿಲ್ಲದ್ದು ಹೊಲಿದ ಬಟ್ಟೆಗಳ ಟ್ರಂಕಿನಲ್ಲಿ ಹೇಗೆ ಇದ್ದೀತು? ಊರಿಗೆ ಹೇಳಿ ಹೇಳಿ ತಾನೂ ನಂಬಿಬಿಟ್ಟಿದ್ದನಲ್ಲ! ಕತ್ತರಿ ತಾಗದ ಬಟ್ಟೆಗಳ ರಾಶಿಗೆ ಕೈಹಾಕಿದ. ತಳದಲ್ಲಿ, ಕಟ್ಟಿದ ದಾರವೂ ಬಿಚ್ಚದೆ, ಹಸಿರು ಖಣ ಕುಳಿತಿತ್ತು.

ಬಾಗಿಲು ಮುಂದಕ್ಕೆ ಮಾಡಿ ಮಿಷನ್ನಿಗೆ ಕುಳಿತ. ಹೊರಗೆ ಯಾರೋ ಕರೆದರೆ “ಆಗಿಲ್ಲ” ಎನ್ನುವನು, ಮತ್ತೆ ಕಾಲು ತುಳಿಯುವನು. ಆರತಿಯ ಹಾಡು ಎರಡನೆಯ ನುಡಿಗೆ ಬಂದಾಗ ಸಾವಂತ್ರವ್ವ ಕುಪ್ಪಸ ಹಿಡಿದು ಮನೆ ಹೊಕ್ಕಳು. ಅಪ್ಪ ತಂದ ಹಸಿರು ಮೈಮೇಲೆ ಬಂದಾಗ ಬಸುರಿ ಮಗಳು ಅತ್ತಳಂತೆ, ನಕ್ಕಳಂತೆ. ಅಲ್ಲಿದ್ದವರಿಗೆ ಯಾವುದೆಂದು ತಿಳಿಯಲಿಲ್ಲವಂತೆ.

ಮರುದಿನ ಮಾನಪ್ಪ ಅಂಗಡಿಯನ್ನೆಲ್ಲ ಹಾಸಿ ಕುಳಿತ. ಮುಟ್ಟದ್ದು ಎಡಕ್ಕೆ, ಮುಗಿದದ್ದು ಬಲಕ್ಕೆ, ಮಿಷನ್ನಿನ ಮೇಲೆ ಒಂದೇ ಒಂದು. ಎಡದ ರಾಶಿಯ ಗಂಟುಗಳನ್ನು ಹೊತ್ತು ಮನೆಮನೆಗೆ ಹೋಗಿ, “ಆಗಿಲ್ಲ. ಇಂಥಾ ದಿನ ಕೊಡ್ತೀನಿ. ಬ್ಯಾಡಂದ್ರ ಒಯ್ರಿ,” ಎಂದ. ಕೆಲವರು ಬೈದು ತೆಗೆದುಕೊಂಡರು, ಕೆಲವರು ಉಳಿಸಿದರು. ಒಂದು ಗಂಟಿನಲ್ಲಿ ಹಸುಗೂಸಿನ ತಲೆಗೆ ಕಟ್ಟುವ ಕುಂಚಿಗೆಗೆ ಕೊಟ್ಟ ಬಟ್ಟೆಯಿತ್ತು. ಬಾಗಿಲು ತೆರೆದದ್ದು ಆ ಕೂಸೇ, ಶಾಲೆಯ ಪಾಟೀಚೀಲ ಹೆಗಲಿಗೆ ಹಾಕಿಕೊಂಡು! ಒಳಗಿನಿಂದ ಬಂದ ಕೂಸಿನ ತಾಯಿ ಬಟ್ಟೆ ನೋಡಿ ಗಲ್ಲಕ್ಕೆ ಕೈಯಿಟ್ಟು ನಕ್ಕೇಬಿಟ್ಟಳು: “ಇರಲಿ ಬಿಡಣ್ಣಾ, ಶನಿವಾರದೊಳಗ ಇಕಿಗೊಂದು ಕೈಚೀಲನರ ಹೊಲಿ.” ಮಾನಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕುಳಿತು, “ಶನಿವಾರಕ್ಕ ಆಗೂದಿಲ್ಲವ್ವಾ, ಮುಂದಿನ ಮಂಗಳವಾರ ಕೊಡ್ತೀನಿ,” ಎಂದ. ಮಂಗಳವಾರ ಮುಂಜಾನೆ ಕೂಸು ಏಳುವ ಮೊದಲೇ ಚೀಲ ಬಾಗಿಲ ಚಿಲಕಕ್ಕೆ ತೂಗುತ್ತಿತ್ತು.

ಇದನ್ನು ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ಹಿಡಿದ ಕೆಲಸ ಕೈಗೂಡಲಿ, ನುಡಿ ದಿಟವಾಗಲಿ, ಗಾಬರಿಗೊಂಡ ಜೀವಕ್ಕೆ ತಾಯಿಯವರ ನೆರಳು ಸಿಗಲಿ.