ಪುಸ್ತಕ ಸೇರಿದ ಹಸಿರು ಜೇಡ

ಔಡಲ ಗಿಡವೊಂದರಲ್ಲಿ ಮುಳ್ಳುಗಾಲಿನ ಹಸಿರು ಜೇಡಗಳೆರಡು ಇದ್ದವು, ಅಣ್ಣ ಮತ್ತು ತಂಗಿ. ಬಲೆ ಕಟ್ಟಿ ಕಾಯುವ ಜಾತಿಯಲ್ಲ ಅವರದು, ಹಾರಿ ಹಿಡಿಯುವ ಜಾತಿ. ಎಲೆಯನ್ನೂ ನಾಚಿಸುವ ತನ್ನ ಹಸಿರಿನ ಮೇಲೆ ಅಣ್ಣನಿಗೆ ಇನ್ನಿಲ್ಲದ ಜಂಬ.

ಒಂದು ದಿನ ಜೇಡಗಳ ಪುಸ್ತಕ ಬರೆಯುವ ಪಂಡಿತನೊಬ್ಬ ಸತ್ತ ಜೇಡ ಕೆಡದಂತೆ ಇಡುವ ಸ್ಪಿರಿಟ್ ತುಂಬಿದ ಸೀಸೆ ಹಿಡಿದು ಬಂದ.

"ಬೇಡ ಕಣಣ್ಣ, ಅದರೊಳಗೆ ಹೋದವರು ತಿರುಗಿ ಬಂದದ್ದಿಲ್ಲ," ಎಂದಳು ತಂಗಿ.

"ಹೋಗೇ ಪುಕ್ಕಲಿ! ನಮ್ಮ ಹಸಿರು ಪುಸ್ತಕದಲ್ಲಿ ಉಳಿಯುತ್ತೆ ಅಂದ್ರೆ ಸಾವು ಯಾವ ಲೆಕ್ಕ?" ಎಂದ ಅಣ್ಣ ತಾನಾಗಿಯೇ ಸೀಸೆಗೆ ಹಾರಿದ.

ಸ್ಪಿರಿಟ್ ಮೊದಲು ಅವನ ಉಸಿರು ತೆಗೆಯಿತು, ಆಮೇಲೆ ಬಣ್ಣ ತೆಗೆಯಿತು.

ಪುಸ್ತಕ ಅಚ್ಚಾದ ಮೇಲೆ ಪಂಡಿತ ಅದೇ ಗಿಡದ ಬುಡದಲ್ಲಿ ಕೂತು, ಸೀಸೆಯೊಳಗಿನ ಜೇಡವನ್ನು ನೋಡಿ ತಾನು ಬರೆದದ್ದನ್ನು ತಾನೇ ಗಟ್ಟಿಯಾಗಿ ಓದಿಕೊಂಡ: "ಕಣ್ಣು ಎಂಟು. ಕಾಲ ತುಂಬ ಮುಳ್ಳು. ಬಣ್ಣ ಮಾಸಲು ಬಿಳಿ."

ತಂಗಿಗೆ ಮೈಯೆಲ್ಲ ಉರಿಯಿತು. ಪುಟದ ಮೇಲಕ್ಕೇ ಹಾರಿ, "ಸುಳ್ಳು ಸ್ವಾಮಿ! ನಮ್ಮಣ್ಣ ನನ್ನ ಹಾಗೇ ಹಸಿರು. ಕಣ್ಣು ಬಿಟ್ಟು ನೋಡಿ!" ಎಂದು ಕೂಗಿದಳು.

ಪಂಡಿತ ಕನ್ನಡಕ ಸರಿಮಾಡಿಕೊಂಡು ಅವಳನ್ನೂ ಪುಟವನ್ನೂ ನೋಡಿದ.

"ಅರೆ, ಹಸಿರು! ಇಂಥದ್ದು ಪುಸ್ತಕದಲ್ಲೇ ಇಲ್ಲವಲ್ಲ. ಇದು ಬೇರೆಯೇ ಜಾತಿ," ಎಂದು ಹಿಗ್ಗಿ, ಸೀಸೆಯ ಮುಚ್ಚಳ ತೆಗೆದ.